ಈಶಾನ್ಯ ಮೂಲೆಯ ಕೈಗುಣ

ನಮ್ಮೂರಿನಲ್ಲಿ ಟೊಮೆಟೊ ಸಸಿ ನೆಡುವ ದಿನ ಗೊತ್ತಾದರೆ ಮೊದಲು ಹೇಳಿ ಕಳಿಸುವುದು ಕೂಲಿಯವರಿಗಲ್ಲ, ಹುಚ್ಚಣ್ಣನಿಗೆ. ಕೂಲಿಯವರು ಸಿಗದಿದ್ದರೆ ನಾಳೆ ನೆಟ್ಟರಾಯಿತು. ಹುಚ್ಚಣ್ಣ ಸಿಗದಿದ್ದರೆ ನೆಡುವ ಮಾತೇ ಇಲ್ಲ.

ಹೆಸರು ಹುಚ್ಚಣ್ಣನಾದರೂ ತಲೆ ನೆಟ್ಟಗಿರುವ ಮನುಷ್ಯ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಯಾರ ಕಣ್ಣೂ ಬೀಳದಿರಲಿ ಎಂದು ತಾಯಿ ಇಟ್ಟ ಹೆಸರು ಅದು. ಕೊಳಾಲದ ಕಡೆಯ ಗುಡ್ಡದಂಚಿನಲ್ಲಿ ಕುರಿ ಕಾಯ್ದು ಬೆಳೆದವನು. ನನಗೆ ದೂರದ ಸಂಬಂಧದಲ್ಲಿ ಮಾವನಾಗಬೇಕು. ಈಗಲೂ ಹಟ್ಟಿಯಲ್ಲಿ ಒಂದಿಷ್ಟು ಕುರಿಗಳಿವೆ, ಊರಾಚೆ ಒಂದು ತುಂಡು ಹೊಲವಿದೆ. ಆದರೆ ಅವನಿಗೆ ಊರಿನಲ್ಲಿ ಮರ್ಯಾದೆ ಬಂದಿರುವುದು ಕುರಿಯಿಂದಲೂ ಅಲ್ಲ, ಹೊಲದಿಂದಲೂ ಅಲ್ಲ. ಕೈಯಿಂದ.

ಕೈಗುಣ ಎಂದರೆ ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲವರು ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗುತ್ತದೆ, ಕೆಲವರು ಉಪ್ಪಿನಕಾಯಿ ಜಾಡಿ ಮುಟ್ಟಿದರೆ ಬೂಷ್ಟು ಹಿಡಿಯುತ್ತದೆ. ಹುಚ್ಚಣ್ಣನ ಕೈಗುಣ ಗೊತ್ತಾದದ್ದು ಆಕಸ್ಮಿಕವಾಗಿ. ಒಂದು ಸಂಜೆ ಕುರಿ ಹೊಡೆದುಕೊಂಡು ಬರುವಾಗ ಚನ್ನಮಲ್ಲಯ್ಯನವರ ಹೊಲದ ಈಶಾನ್ಯ ಮೂಲೆಯಲ್ಲಿ ಒಂದು ಟೊಮೆಟೊ ಸಸಿ ಕಿತ್ತು ಬಿದ್ದಿತ್ತು. ತನ್ನ ಕುರಿಯೇ ಕಿತ್ತದ್ದೆಂದು ಬೈಸಿಕೊಳ್ಳಬೇಕಾದೀತೆಂದು ಅವನು ಅದನ್ನು ಬೇಗ ಮಣ್ಣಿಗೆ ಸಿಕ್ಕಿಸಿ ನಡೆದುಬಿಟ್ಟ. ಆ ಗಿಡ ಆ ವರ್ಷ ಕಡ್ಡಿ ಮುರಿಯುವಷ್ಟು ಕಾಯಿ ಬಿಟ್ಟಿತು. ಚನ್ನಮಲ್ಲಯ್ಯನವರು ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದರು. ಮರುವರ್ಷದಿಂದ ಯಾರ ಹೊಲವಾದರೂ ಮೊದಲ ಸಸಿ ಈಶಾನ್ಯದಲ್ಲಿ, ಹುಚ್ಚಣ್ಣನ ಕೈಯಿಂದ.

ಒಂದು ಸಸಿ ಬರಬರುತ್ತಾ ಒಂದು ಸಾಲಾಯಿತು. ಆಮೇಲೆ ಮೊದಲ ದಾರ ಕಟ್ಟುವುದು, ಎಲೆಯ ಸಂದಿನಲ್ಲಿ ಒಡೆಯುವ ಕಂಕುಳ ಚಿಗುರನ್ನು ಮೊದಲ ಸಲ ಚಿವುಟುವುದು, ಎಲ್ಲಕ್ಕೂ ಅವನೇ ಆದ. ಕೆಲಸದ ಕ್ರಮವೂ ಊರಿಗೆ ಬಾಯಿಪಾಠವಾಗಿತ್ತು. ಚೆನ್ನಾಗಿ ಒಗೆದ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಬಂದು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂರುವನು. ಸೊಂಟದ ಸಂಚಿ ಬಿಚ್ಚಿ, ಕಡ್ಡಿಪುಡಿಗೆ ಸುಣ್ಣ ಸೇರಿಸಿ, ಅಂಗೈಯಲ್ಲಿ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಹದ ಮಾಡಿ ದವಡೆಗೆ ಇಟ್ಟುಕೊಳ್ಳುವನು. ಆಮೇಲೆ ಎರಡೂ ಕೈ ಸೇರಿಸಿ ಪಟಪಟ ತಟ್ಟುವನು. ಅವನ ಮಟ್ಟಿಗೆ ಅದು ಹೊಗೆಸೊಪ್ಪಿನ ಧೂಳು ಕೊಡವುವುದು. ಊರಿನ ಮಟ್ಟಿಗೆ ಅದು ಶಾಸ್ತ್ರ. ಆ ಚಪ್ಪಾಳೆ ಕೇಳಿದ ಮೇಲೆಯೇ ಹೆಂಗಸರು ಸೆರಗು ಸಿಕ್ಕಿಸಿ ಸಾಲಿಗೆ ಇಳಿಯುತ್ತಿದ್ದರು.

ಈ ಕೈಗುಣಕ್ಕೆ ಜಗ್ಗದ ಒಂದೇ ಒಂದು ಜಾಗ ಊರಿನಲ್ಲಿತ್ತು. ಅದು ಅವನದೇ ಮನೆಯ ಹಿತ್ತಲು. ಅಲ್ಲಿ ಅವನ ಹೆಂಡತಿ ಪುಟ್ಟಕ್ಕ ಬಚ್ಚಲ ನೀರಿನಲ್ಲಿ ನಾಲ್ಕು ಟೊಮೆಟೊ ಗಿಡ ಬೆಳೆಸಿಕೊಂಡಿದ್ದಳು. ಗಂಡ ಅತ್ತ ಕಾಲಿಟ್ಟರೆ ಪೊರಕೆ ಎತ್ತುತ್ತಿದ್ದಳು.

"ಊರೋರೆಲ್ಲ ಕರ್ಕಂಡೋಗಿ ನೆಡಿಸ್ಕಂತಾರೆ, ನಿಂಗೇ ಬ್ಯಾಡ್ವಾ ನನ್ ಕೈಗುಣ?"

"ನಿನ್ ಕೈ ನಾರ್ತದೆ. ಆ ಕೈಲಿ ಗಿಡ ಮುಟ್ಟಿದ್ರೆ ಹಣ್ಣೂ ನಾರ್ತದೆ. ಆಚ್ಗೆ ನಡಿ."

ಇಷ್ಟೇ ಅವಳ ಕಾರಣ. ಅದಕ್ಕಿಂತ ಹೆಚ್ಚಿನ ಜ್ಞಾನವೇನೂ ಅವಳಿಗೆ ಆಗ ಇರಲಿಲ್ಲ.

ಹೋದ ವರ್ಷ ಮಲ್ಲೇಶನ ಟೊಮೆಟೊಗೆ ಕಾಯಿಲೆ ಬಂತು. ಮಲ್ಲೇಶ ನಮ್ಮೂರಿನ ಹುರುಪಿನ ರೈತ. ಡ್ರಿಪ್ಪು, ಮಲ್ಚಿಂಗ್ ಪೇಪರು ಎಲ್ಲ ಮೊದಲು ಬಂದದ್ದು ಅವನ ಹೊಲಕ್ಕೇ. ಗಿಡದ ಎಲೆ ಕೆಟ್ಟಿತೆಂದರೆ ನಮ್ಮಲ್ಲಿ ಇರುವುದು ಒಂದೇ ಮಾತು: ಮುದುರು. ಎಲೆ ಮುದುರಿದರೂ ಮುದುರು, ಮುದುರದಿದ್ದರೂ ಮುದುರು. ಔಷಧಿ ಅಂಗಡಿಯ ಪರಮೇಶ್ ಅಂಗಡಿ ಬಿಟ್ಟು ಏಳದೆಯೇ ಅದನ್ನು ಗುರುತಿಸಿದ.

"ಮುದುರು ಕಣ್ಲಾ. ಬಿಳಿ ನೊಣದ ಕಾಟ. ಇದನ್ನ ಒಡಿ."

ಮಲ್ಲೇಶ ಹೊಡೆದ. ಕಡಿಮೆಯಾಗಲಿಲ್ಲ. ಪರಮೇಶ್ ಬೇರೆ ಡಬ್ಬಿ ಕೊಟ್ಟ. ಅದಕ್ಕೂ ಬಗ್ಗಲಿಲ್ಲ. ಹೊಲದಲ್ಲಿ ಬಿಳಿ ನೊಣವೂ ಇಲ್ಲ, ಜೇನು ನೊಣವೂ ಇಲ್ಲ, ಕೊನೆಗೆ ಸೊಳ್ಳೆಯೂ ಇಲ್ಲದಂತಾಯಿತು. ಕಾಯಿಲೆ ಮಾತ್ರ ಈಶಾನ್ಯ ಮೂಲೆಯಿಂದ ಹೊರಟು ಸಾಲು ಹಿಡಿದು ಸಾವಕಾಶವಾಗಿ ನಡೆಯಿತು. ಪಕ್ಕದ ಹೊಲದಲ್ಲೂ ಅದು ಈಶಾನ್ಯದಲ್ಲೇ ಶುರುವಾಯಿತು. ಅದರಾಚೆಯ ಹೊಲದಲ್ಲೂ ಅಷ್ಟೇ.

ಮೂಲೆ ಯಾವುದೆಂದು ಗೊತ್ತಾದ ಮೇಲೆ ಊರು ಸುಮ್ಮನಿರುತ್ತದೆಯೇ. ವಾಸ್ತು ಕೆಟ್ಟಿದೆ ಎಂದರು. ಮಲ್ಲೇಶ ಆ ಮೂಲೆಯ ತಿಪ್ಪೆ ಎತ್ತಿಸಿ ಬೇರೆಡೆ ಹಾಕಿಸಿದ. ಇನ್ನೊಬ್ಬರು ಈಶಾನ್ಯದಲ್ಲಿ ನೀರಿರಬೇಕೆಂದು ಪ್ಲಾಸ್ಟಿಕ್ ಡ್ರಮ್ಮು ತಂದಿಟ್ಟರು. ಮತ್ತೊಬ್ಬರು ಮಲ್ಲೇಶನ ಮೂಲೆಯಲ್ಲಿ ದೊಡ್ಡ ಕಣ್ಣಿನ ದೃಷ್ಟಿಬೊಂಬೆ ನಿಲ್ಲಿಸಿದರು. ಆ ಮೂಲೆ ಇನ್ನಷ್ಟು ಬಲವಾಗಲೆಂದು ಎಲ್ಲರೂ ಹುಚ್ಚಣ್ಣನನ್ನು ಮತ್ತೆ ಕರೆಸಿ ಅಲ್ಲಿಯ ಒಂದೊಂದು ಗಿಡವನ್ನೂ ಸವರಿಸಿದರು. ಹುಚ್ಚಣ್ಣ ಸಂಚಿ ಬಿಚ್ಚಿ, ತಿಕ್ಕಿ, ಚಪ್ಪಾಳೆ ತಟ್ಟಿ, ಬಹಳ ಪ್ರೀತಿಯಿಂದ ಸವರಿದ.

ಇಂಥ ಹೊತ್ತಿನಲ್ಲಿ ಚನ್ನಮಲ್ಲಯ್ಯನವರ ಮಗಳು ಯಶಸ್ವಿನಿ ಊರಿಗೆ ಬಂದಳು. ತೋಟಗಾರಿಕೆ ಓದಿ ಮಧುಗಿರಿಯ ಒಂದು ರೈತರ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ. ಅಪ್ಪ ಈ ಸಲ ರಾಗಿ, ಜೋಳ ಎಲ್ಲ ಬಿಟ್ಟು ಇಡೀ ನೀರಾವರಿ ಹೊಲಕ್ಕೆ ಟೊಮೆಟೊ ಹಾಕಲು ಹೊರಟಿರುವುದು ಕೇಳಿ, ಮೊದಲು ಪಕ್ಕದ ಹೊಲ ನೋಡಿಬರೋಣ ಎಂದು ಮಲ್ಲೇಶನಲ್ಲಿಗೆ ಹೋದಳು. ಅಲ್ಲಿ ಪುಟ್ಟಕ್ಕ ಕಳೆ ಕೀಳುವ ಕೂಲಿಗೆ ಬಂದಿದ್ದಳು.

ಯಶಸ್ವಿನಿ ಒಂದು ಗಿಡವನ್ನು ಹಿಡಿದು ಅಲುಗಾಡಿಸಿದಳು. ಏನೂ ಹಾರಲಿಲ್ಲ.

"ಮುದುರು ರೋಗ ಆಗಿದ್ರೆ ಬಿಳಿ ನೊಣ ಬೂದಿ ಎದ್ದಂಗೆ ಏಳ್ಬೇಕಿತ್ತು ಪುಟ್ಟಕ್ಕ. ಎಲೆ ಅಂಚು ಮೇಲಕ್ಕೆ ಮಡಚಿ ದೊನ್ನೆ ಥರ ಆಗ್ಬೇಕಿತ್ತು, ಗಿಡ ಕುಳ್ಳಾಗಿ ಪೊದೆ ಕಟ್ಬೇಕಿತ್ತು. ಇಲ್ಲಿ ನೋಡಿ, ಎಲೆ ಹರವಾಗೇ ಇದೆ."

ಪುಟ್ಟಕ್ಕ ಕುಡುಗೋಲು ಹಿಡಿದುಕೊಂಡೇ ಬಗ್ಗಿ ನೋಡಿದಳು. ಎಲೆಯಲ್ಲಿ ಕಡುಹಸಿರು, ತಿಳಿಹಸಿರು, ಹಳದಿ ಎಲ್ಲ ತೇಪೆ ತೇಪೆಯಾಗಿ ಬೆರೆತಿದ್ದವು.

"ಬಣ್ಣ ಬಿಟ್ಟ ಅಗ್ಗದ ಸೀರೆ ಇದ್ದಂಗದೆ," ಎಂದಳು.

"ಹೌದು. ಹೊಸ ಚಿಗುರು ನೋಡಿ, ಎಲೆ ಅಗಲಾನೇ ಆಗಿಲ್ಲ, ದಾರದ ಥರ ಸಣ್ಣಗಾಗಿದೆ." ಅವಳು ಒಂದು ಕಾಯಿ ಕಿತ್ತು ಸೀಳಿದಳು. ಒಳಗೆ ಕಂದು ಬಣ್ಣ ಇಳಿದಿತ್ತು. "ಇದು ಮೊಸಾಯಿಕ್ ಅನ್ನೋ ವೈರಸ್. ನೊಣ ತರೋದಲ್ಲ ಇದು. ಬೀಜದಲ್ಲಿ ಬರಬಹುದು. ಆಮೇಲೆ ಕೈಯಿಂದ, ಕುಡುಗೋಲಿಂದ, ಕಟ್ಟಿದ ದಾರದಿಂದ ಗಿಡದಿಂದ ಗಿಡಕ್ಕೆ ಹೋಗುತ್ತೆ. ಇದಕ್ಕೆ ಔಷಧಿ ಇಲ್ಲ. ಬಂದ ಗಿಡ ಕಿತ್ತು ಸುಡಬೇಕು, ಮುಟ್ಟಿದ ಕೈ ತೊಳೀಬೇಕು, ಅಷ್ಟೇ."

"ಕೈಯಿಂದ ಅಂದ್ಯಾ?"

"ಹೌದು. ಹೊಗೆಸೊಪ್ಪಿನ ಗಿಡಕ್ಕೂ ಇದೇ ಜಾತಿ ವೈರಸ್ ಬರುತ್ತೆ. ಸೊಪ್ಪು ಒಣಗಿ ಪುಡಿಯಾದ್ರೂ ಅದು ಸಾಯಲ್ಲ. ಬೀಡಿ ಸೇದೋರು, ಹೊಗೆಸೊಪ್ಪು ಹಾಕೋರು ಕೈ ತೊಳೀದೆ ಟೊಮೆಟೊ ಮುಟ್ಟಬಾರದು ಅಂತಾನೇ ನಮಗೆ ಪಾಠದಲ್ಲಿತ್ತು."

ಪುಟ್ಟಕ್ಕ ಈಶಾನ್ಯ ಮೂಲೆಯ ಕಡೆ ನೋಡಿದಳು. ಅಲ್ಲಿ ದೃಷ್ಟಿಬೊಂಬೆ ಕಣ್ಣು ಬಿಟ್ಟುಕೊಂಡು ನಿಂತಿತ್ತು. ಅದರಾಚೆ ಬದುವಿನ ಮೇಲೆ ತನ್ನ ಗಂಡ ಉಗಿದ ಕಂದು ಕಲೆ ಕೂಡ ಕಾಣುತ್ತಿತ್ತು. ಅವಳು ಕುಡುಗೋಲು ಕೆಳಗಿಟ್ಟಳು.

"ಎಸಸ್ವಿನಮ್ಮ, ಈ ಮಾತು ಬ್ಯಾರೆ ಯಾರ ಕುಟ್ಟಾದ್ರೂ ಆಡಿದ್ಯಾ?"

"ಇಲ್ಲ. ಈಗ ತಾನೆ ನೋಡ್ತಿದೀನಿ."

"ಆಡಬ್ಯಾಡ. ನಮ್ಮನೆಯೋನಿಗೆ ಇರಾದು ಅದೊಂದೇ ಕಣವ್ವ. ಕೈಗುಣ ಹೋಯ್ತು ಅಂದ್ರೆ ಮನೆ ಬುಟ್ಟು ಆಚೆ ಬರಾಕಿಲ್ಲ. ದಿನಾ ಮನೇಲೇ ಕುಂತ್ಕಂಡ್ರೆ ನನ್ ಗತಿ ಏನಾಗ್ಬೇಕು ಏಳು."

ಯಶಸ್ವಿನಿಗೆ ನಗು ಬಂತು. ಆದರೆ ಅಪ್ಪನ ಹೊಲದಲ್ಲಿ ನೆಡುವ ದಿನ ಹತ್ತಿರವಿತ್ತು, ಹುಚ್ಚಣ್ಣನಿಗೆ ಹೇಳಿ ಕಳಿಸಿಯೂ ಆಗಿತ್ತು. ಅವನನ್ನು ಬೇಡವೆಂದರೆ ಅಪ್ಪ ಒಪ್ಪುವುದಿಲ್ಲ. ಕರೆದರೆ ಆ ಚಪ್ಪಾಳೆ ತಪ್ಪುವುದಿಲ್ಲ.

"ಹಾಗಾದ್ರೆ ಅವರು ಸೋಪು ಹಾಕಿ ಕೈ ತೊಳೆಯೋ ಹಾಗೆ ಮಾಡಬೇಕು ಪುಟ್ಟಕ್ಕ. ಅದಾದ ಮೇಲೆ ಹಾಲಲ್ಲಿ ಅದ್ದಿದ್ರೆ ಇನ್ನೂ ಒಳ್ಳೇದು. ಹಾಲು ಆ ವೈರಸ್ಸನ್ನ ಕಟ್ಟಿಹಾಕುತ್ತೆ."

"ಸೋಪು ಅಂದ್ರೆ ಮುನಿಸ್ಕಂತಾನೆ. ನನ್ ಕೈ ಕೊಳಕಾ ಅಂತಾನೆ. ಹಾಲು ಅಂದ್ರೆ..." ಪುಟ್ಟಕ್ಕನ ಮುಖದಲ್ಲಿ ಏನೋ ಮಿಂಚಿತು. "ಹಾಲು ಅಂದ್ರೆ ಕುಣ್ಕಂಡ್ ಬತ್ತಾನೆ. ಕೆನೆ ತೆಗ್ದಿದ್ದೇ ಆಗ್ಬೋದಲ್ವಾ?"

ಆವತ್ತಿನಿಂದ ಪುಟ್ಟಕ್ಕ ಗಂಡನ ಮೇಲೆ ವಿಪರೀತ ಪ್ರೀತಿ ತೋರಿಸತೊಡಗಿದಳು. ಹಳೆಯ ಸಂಚಿ ಗಬ್ಬು ನಾರುತ್ತಿದೆ ಎಂದು ತನ್ನ ಸೀರೆಯ ಸೆರಗಿನ ತುಂಡಿನಲ್ಲಿ ಹೊಸ ಸಂಚಿ ಹೊಲಿದುಕೊಟ್ಟಳು. ಹುಚ್ಚಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಮದ್ವೆ ಆದಾಗ್ಲಿಂದ ನಂಗೊಂದು ಗುಂಡಿ ಹಾಕ್ಕೊಟ್ಟೋಳಲ್ಲ ನೀನು. ಏನ್ ಸಮಾಚಾರ?"

"ಚನ್ನಮಲ್ಲಯ್ನೋರ ಹೊಲಕ್ಕೆ ಹೋಗೋನು, ನೆಟ್ಟಗೆ ಹೋಗ್ಲಿ ಅಂತ. ನಿನ್ ಕೈಗುಣಕ್ಕೇ ದೃಷ್ಟಿ ಆಗ್ಯದೆ ಅಂತ ಊರಲ್ಲಿ ಮಾತಾಡ್ತಾವ್ರೆ. ಮಲ್ಲೇಶನ ಹೊಲ ನೋಡಿದ್ಯಲ್ಲ."

ಹುಚ್ಚಣ್ಣನ ಮುಖ ಬಾಡಿತು. ಅವನಿಗೂ ಒಳಗೊಳಗೆ ಆ ಅನುಮಾನ ಕೊರೆಯುತ್ತಿತ್ತು ಎಂದು ಆಗ ಅವಳಿಗೆ ತಿಳಿಯಿತು.

"ಅದಕ್ಕೇನಾರ ಮಾಡ್ಬೇಕಂತಾ?" ಮೆಲ್ಲಗೆ ಕೇಳಿದ.

"ಸೋಪಲ್ಲಿ ತೊಳ್ದು ಹಾಲಲ್ಲಿ ಅದ್ದುದ್ರೆ ಹೋಯ್ತದಂತೆ. ಅಯ್ನೋರ ಮಗಳೇ ಏಳಿದ್ದು."

ಓದಿದ ಹುಡುಗಿಯೇ ಹೇಳಿದ್ದೆಂದ ಮೇಲೆ ಅವನು ಒಪ್ಪಿದ. ಪುಟ್ಟಕ್ಕ ಸುಳ್ಳು ಹೇಳಿದ್ದು ದೃಷ್ಟಿಯ ಮಾತಿನಲ್ಲಿ ಮಾತ್ರ. ಉಳಿದದ್ದೆಲ್ಲ ಪಾಠದಲ್ಲಿದ್ದದ್ದೇ. ಆದರೆ ಅವಳಿಗೆ ಇನ್ನೊಂದು ಚಿಂತೆ ಇತ್ತು. ಹಾಲಿನಲ್ಲಿ ಕೈ ಅದ್ದಿದ ಮೇಲೂ ಅಭ್ಯಾಸಬಲದಿಂದ ಸಂಚಿ ಬಿಚ್ಚಿದರೆ ಏನು ಗತಿ? ಅದಕ್ಕಾಗಿ ಅವಳು ನೆಡುವ ದಿನದ ಬೆಳಿಗ್ಗೆ ಹೊಸ ಸಂಚಿಯಲ್ಲಿ ಕಡ್ಡಿಪುಡಿಯ ಬದಲು ಒಣಗಿದ ನೆಲಬೇವನ್ನು ಪುಡಿ ಮಾಡಿ ತುಂಬಿದಳು. ನೋಡಲು ಎರಡಕ್ಕೂ ಅಷ್ಟೇನೂ ವ್ಯತ್ಯಾಸವಿಲ್ಲ. ನೆಲಬೇವನ್ನು ಜ್ವರ ಬಂದಾಗ ಕಷಾಯ ಮಾಡಿ ಕುಡಿದವರಿಗೆ ಅದರ ಕಹಿ ಜನ್ಮದಲ್ಲಿ ಮರೆಯುವುದಿಲ್ಲ.

ನೆಡುವ ದಿನ ಚನ್ನಮಲ್ಲಯ್ಯನವರ ಹೊಲದಂಚಿನಲ್ಲಿ ಸಣ್ಣ ಸಭೆಯೇ ಸೇರಿತ್ತು. ಮಧುಗಿರಿಯ ನರ್ಸರಿಯಿಂದ ಬಂದ ಸಸಿಯ ಟ್ರೇಗಳು ಬೇವಿನ ನೆರಳಲ್ಲಿ ಸಾಲಾಗಿದ್ದವು. ಚನ್ನಮಲ್ಲಯ್ಯನವರು ವಿಭೂತಿ ಹಚ್ಚಿಕೊಂಡು, ಆಗಾಗ ಟವೆಲ್ಲಿನಿಂದ ಮೂಗು ಒರೆಸಿಕೊಳ್ಳುತ್ತಾ ನಿಂತಿದ್ದರು. ಅವರಿಗೆ ವರ್ಷವಿಡೀ ನೆಗಡಿ. ಯಶಸ್ವಿನಿ ಒಂದು ಬಕೆಟ್ ನೀರು, ಸೋಪು, ಕಂಚಿನ ಬೋಗುಣಿಯಲ್ಲಿ ಹಾಲು ತಂದಿಟ್ಟಳು. ಹುಚ್ಚಣ್ಣ ಮೊಣಕೈವರೆಗೆ ಸೋಪು ಹಾಕಿ ತೊಳೆದು, ಎರಡೂ ಕೈಗಳನ್ನು ಹಾಲಿನಲ್ಲಿ ಅದ್ದಿ, ಎಲ್ಲರಿಗೂ ಕಾಣುವಂತೆ ಮೇಲೆತ್ತಿದ. ಹಾಲು ಮೊಣಕೈಯಿಂದ ತೊಟ್ಟಿಕ್ಕಿತು.

ನೆಡುವ ಹೆಂಗಸರ ಮುಂದಾಳು ಗಂಗಾಲಕ್ಷ್ಮಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಅಲ್ಲ ಅಯ್ನೋರೆ, ಅವ್ರು ನೆಡಾದು ಒಂದ್ ಸಾಲು. ಅವ್ರ ಕೈಗೆ ಹಾಲು. ಮಿಕ್ಕ ಸಾಲೆಲ್ಲ ನೆಡೋರು ನಾವು. ನಮ್ ಕೈಗೆ ಬರೀ ಮಣ್ಣಾ?"

"ನಮ್ಮೇನು ದನ ಅನ್ಕಂಡವ್ರಾ," ಎಂದಳು ಹಿಂದಿನಿಂದ ಇನ್ನೊಬ್ಬಳು.

ಚನ್ನಮಲ್ಲಯ್ಯನವರು ಮುಜುಗರದಿಂದ ಮಗಳ ಮುಖ ನೋಡಿದರು. ಮಗಳು ಇಂಥದ್ದೊಂದು ಜಗಳಕ್ಕಾಗಿಯೇ ಕಾದಿದ್ದವಳಂತೆ ಮನೆಗೆ ಓಡಿ, ಆ ದಿನ ಡೈರಿಗೆ ಹೋಗಬೇಕಿದ್ದ ಹಾಲನ್ನೆಲ್ಲ ತಂದಳು. ಎಲ್ಲ ಹೆಂಗಸರೂ ಗತ್ತಿನಿಂದ ಸೋಪು ಹಾಕಿ ತೊಳೆದು, ಹಾಲಿನಲ್ಲಿ ಕೈ ಅದ್ದಿ, ಸರದಿಯಲ್ಲಿ ನಿಂತರು.

ಹುಚ್ಚಣ್ಣ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಎಲ್ಲರೂ ಚಪ್ಪಾಳೆಗೆ ಕಾದರು. ಅವನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಹೊಸ ಸಂಚಿ ಬಿಚ್ಚಿ, ಪುಡಿಗೆ ಸುಣ್ಣ ಸೇರಿಸಿ, ತಿಕ್ಕಿ, ದವಡೆಗೆ ಇಟ್ಟ. ಪಟಪಟ ತಟ್ಟಿದ. ಆಮೇಲೆ ಅವನ ಮುಖ ನಿಂತಲ್ಲೇ ನಿಂತಿತು.

ಉಗಿಯುವಂತಿಲ್ಲ, ಈಶಾನ್ಯ ಮೂಲೆ. ಏಳುವಂತಿಲ್ಲ, ಊರೇ ನೋಡುತ್ತಿದೆ. ಅವನು ತುಟಿ ಬಿಗಿದು ಮೊದಲ ಸಸಿ ನೆಟ್ಟ. ಎರಡನೆಯದಕ್ಕೆ ಕಣ್ಣಲ್ಲಿ ನೀರು ತುಂಬಿತು. ಐದಾರು ಸಸಿಗಳಾಗುವ ಹೊತ್ತಿಗೆ ಅದು ಕೆನ್ನೆಗೆ ಇಳಿಯಿತು. ಬೇರೆ ದಿನವಾದರೆ ಸಾಲು ಮುಗಿಯುವವರೆಗೆ ಕುರಿ, ಮಳೆ, ರಾಜಕೀಯ ಎಲ್ಲ ಮಾತಾಡುವವನು ಅಂದು ಒಂದು ಮಾತೂ ಆಡಲಿಲ್ಲ.

ಚನ್ನಮಲ್ಲಯ್ಯನವರು ಆ ಕಣ್ಣೀರು ಕಂಡರು. "ನೋಡ್ರಪ್ಪ, ಭೂಮಿತಾಯಿ ಮ್ಯಾಲೆ ಎಂಥ ಭಕ್ತಿ," ಎಂದು ಮತ್ತೆ ಮೂಗು ಒರೆಸಿಕೊಂಡರು. ಸಾಲಿನ ಆ ತುದಿಯಲ್ಲಿ ಪುಟ್ಟಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಬೆನ್ನು ತಿರುಗಿಸಿ ನಿಂತಿದ್ದಳು.

ಮಧ್ಯಾಹ್ನ ಮನೆಗೆ ಬಂದವನು ಚೊಂಬು ಚೊಂಬು ನೀರಿನಿಂದ ಬಾಯಿ ಮುಕ್ಕಳಿಸಿದ. ಸಂಚಿಯನ್ನು ಹೆಂಡತಿಯ ಮುಂದೆ ಎಸೆದ.

"ನಿಜ ಏಳು. ಇದ್ಯಾಕೆ ಮಾಡಿದ್ದು?"

ಪುಟ್ಟಕ್ಕನಿಗೆ ಬೇರೊಂದು ಸುಳ್ಳು ಸಿದ್ಧವಿತ್ತು. ಅವನ ಮುಖ ನೋಡಿ ಅದನ್ನು ಬಿಟ್ಟಳು. ಮಲ್ಲೇಶನ ಹೊಲದಲ್ಲಿ ಯಶಸ್ವಿನಿ ಹೇಳಿದ್ದನ್ನು ಅಷ್ಟೂ ಹೇಳಿದಳು. ಕೈ, ಕಡ್ಡಿಪುಡಿ, ಮೂಲೆ, ಚಪ್ಪಾಳೆ. ಹುಚ್ಚಣ್ಣ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಅವನ್ನೇ ನೋಡುತ್ತಾ ಕೂತ.

"ಅಂಗಾದ್ರೆ ಮಲ್ಲೇಶನ ಹೊಲ ಕೆಡ್ಸಿದ್ದು ನಾನೇ."

"ನೀನೊಬ್ನೇ ಅಂತ ಯಾರಂದ್ರು," ಎಂದಳು ಪುಟ್ಟಕ್ಕ. ಅವನು ಕೇಳಿಸಿಕೊಳ್ಳಲಿಲ್ಲ. ಕೋಲು ತೆಗೆದುಕೊಂಡು ಕುರಿ ಬಿಟ್ಟುಕೊಂಡು ಗುಡ್ಡದ ಕಡೆ ಹೋದ.

ಆಮೇಲೆ ಊರಿನಲ್ಲಿ ಯಾರು ಕರೆದರೂ ಹುಚ್ಚಣ್ಣ ಬರಲಿಲ್ಲ. ಹೊಲದ ಬದು ತುಳಿಯದೆ ಸುತ್ತಿ ಬಳಸಿ ಓಡಾಡಿದ. ಚನ್ನಮಲ್ಲಯ್ಯನವರ ಸಸಿಗಳು ಬೇರು ಹಿಡಿದು, ಮೊಣಕಾಲುದ್ದ ಬೆಳೆದು, ಕಂಕುಳಲ್ಲಿ ಚಿಗುರು ಒಡೆದವು. ಚಿವುಟುವ ಕಾಲ. ಎಷ್ಟು ಸಲ ಹೇಳಿ ಕಳಿಸಿದರೂ ಮನುಷ್ಯ ಇಲ್ಲ. ಪರಮೇಶ್ ಅಂಗಡಿಯ ಕಟ್ಟೆಯಲ್ಲಿ ಬಗೆಬಗೆಯ ಸುದ್ದಿ ಹುಟ್ಟಿತು. ಹುಚ್ಚಣ್ಣನಿಗೆ ಆ ದಿನ ಹೊಲದಲ್ಲಿ ದೇವರು ಕಂಡಿದ್ದಾನೆ ಎಂದು ಕೆಲವರು, ಹಾಲಿನ ರುಚಿ ಹತ್ತಿ ಈಗ ತುಪ್ಪ ಕೇಳುತ್ತಿದ್ದಾನೆ ಎಂದು ಕೆಲವರು.

ಕೊನೆಗೆ ಯಶಸ್ವಿನಿಯೇ ಗುಡ್ಡ ಹತ್ತಿದಳು. ಹುಚ್ಚಣ್ಣ ಬಂಡೆಯ ಮೇಲೆ ಕೂತಿದ್ದ. ಅವಳನ್ನು ಕಂಡು ಕೈಗಳನ್ನು ಕಂಬಳಿಯೊಳಗೆ ಸೇರಿಸಿಕೊಂಡ.

"ಹುಚ್ಚಣ್ಣ, ಒಂದು ಸರಿಯಾಗಿ ಹೇಳಿಬಿಡ್ತೀನಿ. ಆ ವೈರಸ್ ನಿಮ್ಮ ಸಂಚಿಯಿಂದ ಬಂತೋ, ಬೀಜದಲ್ಲೇ ಬಂತೋ ಯಾರೂ ಹೇಳೋಕಾಗಲ್ಲ. ಮಲ್ಲೇಶನ ಹೊಲದಲ್ಲಿ ನಿಮ್ಮ ಸಾಲು ದಾಟಿ ಆಚೆ ತುದಿವರೆಗೂ ಹೋಗಿದೆ. ಅಲ್ಲಿಗೆ ನೀವು ಹೋಗೇ ಇಲ್ಲ. ಅಲ್ಲಿ ಚಿವುಟಿದ್ದು ಬೇರೆಯವರು. ಕಾಯಿಲೆ ಗಿಡ ಮುಟ್ಟಿದ ಕೈಲೇ ಒಳ್ಳೇ ಗಿಡ ಮುಟ್ಟಿದಾರೆ."

ಹುಚ್ಚಣ್ಣ ಕಂಬಳಿಯಿಂದ ಕೈ ಹೊರಗೆ ತೆಗೆದ.

"ಅಂದ್ರೆ ಊರಿಗೆ ಊರೇ ಕೈಗುಣ ಇರೋರು."

"ಹಾಗೇ ಅಂದ್ಕೊಳ್ಳಿ."

"ಅವ್ರಿಗೆಲ್ಲ ಏಳಿದ್ಯಾ?"

"ಹೇಳಿದೆ. ಕೈ ತೊಳೀರಿ ಅಂದ್ರೆ ನಗ್ತಾರೆ. ನಾಳೆ ಚಿವುಟೋಕೆ ಬರ್ತಾರೆ, ಬೀಡಿ ಸೇದಿಕೊಂಡೇ ಬರ್ತಾರೆ. ನನ್ ಮಾತು ಯಾರು ಕೇಳ್ತಾರೆ."

ಕುರಿಯೊಂದು ಬೇಲಿಯ ಕಡೆ ಹೊರಟಿತ್ತು. ಹುಚ್ಚಣ್ಣ ಅದನ್ನು ಕೂಗಿ ಕರೆದ. ಅದು ತಿರುಗಿ ಬಂತು. ಅವನು ಕಂಬಳಿ ಕೊಡವಿ ಎದ್ದು ನಿಂತ.

ಮರುದಿನ ಬೆಳಿಗ್ಗೆ ಕೆಲಸದವರು ಬಂದು ನೋಡಿದರೆ ಹೊಲದ ಬಾಯಿಗೆ ಅಡ್ಡವಾಗಿ ಹುಚ್ಚಣ್ಣ ಕೂತಿದ್ದ. ಪಕ್ಕದಲ್ಲಿ ಬಕೆಟ್ಟು, ಸೋಪು, ಹಾಲಿನ ಬೋಗುಣಿ. ಚನ್ನಮಲ್ಲಯ್ಯನವರು, ಮಲ್ಲೇಶ, ಪರಮೇಶ್, ಗಂಗಾಲಕ್ಷ್ಮಿ, ಎಲ್ಲರೂ ಇದ್ದರು. ಹುಚ್ಚಣ್ಣ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮಲ್ಲೇಶ, ನಿನ್ ಹೊಲಕ್ಕೆ ಕಾಯ್ಲೆ ತಂದೋನು ನಾನೇ ಇರ್ಬೋದು. ಕಡ್ಡಿಪುಡಿ ತಿಕ್ಕಿದ ಕೈಲಿ ಮುಟ್ಬುಟ್ಟೆ. ಗೊತ್ತಿರ್ಲಿಲ್ಲ ಕಣಪ್ಪ. ವಾಸ್ತು ಅಲ್ಲ, ಮೂಲೆ ಅಲ್ಲ. ಆ ತಿಪ್ಪೆ ಬೇಕಾದ್ರೆ ವಾಪಸ್ ಹಾಕ್ಕೊ."

ಮಲ್ಲೇಶ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ತಲೆ ಕೆರೆದುಕೊಂಡ. "ಇಷ್ಟ್ ದಿನ ಔಷ್ದಿ ಮಾರಿದೋನು ಇಲ್ಲೇ ನಿಂತವ್ನೆ, ಅವ್ನು ತಪ್ಪಾಯ್ತು ಅಂದಿಲ್ಲ. ನೀನ್ಯಾಕ್ ಬುಡು ಮಾವ," ಎಂದ. ಪರಮೇಶ್ ಫೋನು ತೆಗೆದು ಬಹಳ ಗಮನವಿಟ್ಟು ನೋಡತೊಡಗಿದ.

"ಬುಡಾಕಿಲ್ಲ," ಎಂದ ಹುಚ್ಚಣ್ಣ. "ನನ್ ಕೈಗೆ ಜಡ್ಡು ಬಂದಿತ್ತು, ತೊಳ್ಕಂಡೆ. ಇನ್ಮ್ಯಾಕೆ ನನ್ ಕೈ ಬೇಕು ಅಂದ್ರೆ ನಂದೊಂದು ಕಟ್ಟಳೆ. ಹೊಲದೊಳಕ್ಕೆ ಹೋಗೋ ಎಲ್ರೂ ಕೈ ತೋರ್ಸ್ಬೇಕು. ಬೀಡಿ ವಾಸ್ನೆ, ಕಡ್ಡಿಪುಡಿ ವಾಸ್ನೆ ಬಂದ್ರೆ ಸೋಪು. ಬರ್ದೇ ಇದ್ರೂ ಸೋಪು. ಕಾಯ್ಲೆ ಗಿಡ ಕಂಡ್ರೆ ಬರೀ ಕೈಲಿ ಮುಟ್ಟಂಗಿಲ್ಲ, ಕವರು ಹಾಕ್ಕಂಡು ಕಿತ್ತು ಸುಡ್ಬೇಕು. ಹಳೇ ದಾರ ಈ ಹೊಲಕ್ಕೆ ತರಂಗಿಲ್ಲ."

"ವಾಸ್ನೆ ನೋಡೋರು ಯಾರು?" ಗಂಗಾಲಕ್ಷ್ಮಿ ಕೇಳಿದಳು.

"ನಾನೇ. ಮೂವತ್ತು ವರ್ಸ ತಿಂದಿರೋ ಮೂಗು ಇದು."

"ಮೂಗಲ್ಲೂ ತಿಂತಿದ್ರಾ ಹುಚ್ಚಣ್ಣಾರೆ?"

ಎಲ್ಲರೂ ನಕ್ಕರು. ಆದರೆ ಒಬ್ಬೊಬ್ಬರೇ ಕೈ ಚಾಚಿದರು. ಹುಚ್ಚಣ್ಣ ಬಗ್ಗಿ ಮೂಸಿ, ಹ್ಞೂಂ ಎಂದು ಕಳಿಸಿದ. ಮಲ್ಲೇಶನ ಬೆರಳಿನಲ್ಲಿ ಬೀಡಿ ಸಿಕ್ಕಿತು, ಅವನು ಎರಡು ಸಲ ಸೋಪು ಹಾಕಿದ. ಗಂಗಾಲಕ್ಷ್ಮಿಯ ಕೈಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಸಿಕ್ಕಿತು. "ಇದು ತೊಂದ್ರೆ ಇಲ್ಲ, ಆದ್ರೂ ತೊಳ್ಕ. ಮನೇಲಿ ಏನ್ ಸಾರು?" ಎಂದು ವಿಚಾರಿಸಿದ. ಕೊನೆಯಲ್ಲಿ ಚನ್ನಮಲ್ಲಯ್ಯನವರು ಹೊಲದ ಯಜಮಾನರೆಂಬ ಧೈರ್ಯದಿಂದ ಸಾಲು ತಪ್ಪಿಸಿ ಒಳಗೆ ಕಾಲಿಡಲು ಹೋದರು.

"ಅಯ್ನೋರೆ, ಕೈ."

"ನಂದ್ಯಾತಕ್ಕಪ್ಪ. ಯಾವತ್ತಾದ್ರೂ ಬೀಡಿ ಮುಟ್ಟಿದ್ದು ಕಂಡಿದ್ದೀಯಾ?"

"ಕೈ ಅಂದೆ."

ಅವರು ಒಲ್ಲದ ಮನಸ್ಸಿನಿಂದ ಬಲಗೈ ಚಾಚಿದರು. ಹುಚ್ಚಣ್ಣ ಮೂಸಿ, ಮತ್ತೊಮ್ಮೆ ಮೂಸಿದ. ಅವನಿಗೇ ಸೀನು ಬಂತು.

"ನಶ್ಯ," ಎಂದ ಮೆತ್ತಗೆ.

ವರ್ಷವಿಡೀ ಇರುತ್ತಿದ್ದ ನೆಗಡಿ ಏನೆಂದು ಆಗ ಊರಿಗೆ ಗೊತ್ತಾಯಿತು. ಯಶಸ್ವಿನಿ ಅಪ್ಪನ ಮುಖವನ್ನು ಬಾಯಿ ಬಿಟ್ಟುಕೊಂಡು ನೋಡಿದಳು. ಚನ್ನಮಲ್ಲಯ್ಯನವರು ಜೇಬಿನಿಂದ ಸಣ್ಣ ಡಬ್ಬಿ ತೆಗೆದು ಬದುವಿನ ಮೇಲಿಟ್ಟು, ತಲೆ ತಗ್ಗಿಸಿ ಬಕೆಟ್ಟಿನ ಮುಂದೆ ಕೂತರು. ಹುಚ್ಚಣ್ಣ ತಾನೇ ಚೊಂಬು ತೆಗೆದು ಅವರ ಕೈಗೆ ನೀರು ಹಾಕಿದ. "ಉಗುರ್ ಸಂದಿ ಅಯ್ನೋರೆ, ಉಗುರ್ ಸಂದಿ," ಎಂದು ಹೇಳಿಕೊಡುತ್ತಾ ಬಹಳ ಸಾವಧಾನವಾಗಿ ಹಾಕಿದ.

ಆ ಬೆಳೆಯಲ್ಲಿ ಕಾಯಿಲೆ ಬರಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಅಲ್ಲೊಂದು ಇಲ್ಲೊಂದು ಗಿಡದಲ್ಲಿ ತೇಪೆ ತೇಪೆ ಎಲೆ ಕಾಣಿಸಿತು. ಕಂಡ ಕೂಡಲೇ ಕೈಗೆ ಕವರು ಹಾಕಿಕೊಂಡು ಕಿತ್ತು ಹೊಲದಾಚೆ ಸುಟ್ಟರು. ಅದು ಸಾಲು ಹಿಡಿದು ನಡೆಯಲಿಲ್ಲ. ಈಶಾನ್ಯ ಮೂಲೆ ಬೇರೆಲ್ಲ ಮೂಲೆಗಳಂತೆಯೇ ಕಾಯಿ ಬಿಟ್ಟಿತು. ಮಲ್ಲೇಶ ಹಳೆಯ ಕಡ್ಡಿ, ದಾರಗಳನ್ನೆಲ್ಲ ಒಲೆಗೆ ಹಾಕಿ, ಆ ವರ್ಷ ಟೊಮೆಟೊ ಬಿಟ್ಟು ಅಲಸಂದೆ ಬಿತ್ತಿದ. ಪರಮೇಶ್ ಅಂಗಡಿಯ ಮುಂಭಾಗದಲ್ಲಿ ಸೋಪು ಜೋಡಿಸಿದ.

ಹುಚ್ಚಣ್ಣನನ್ನು ಈಗ ಪಕ್ಕದೂರಿನವರೂ ಕರೆಯುತ್ತಾರೆ. ಮೊದಲ ಸಸಿ ಈಗಲೂ ಅವನೇ ನೆಡುತ್ತಾನೆ. ಅದಕ್ಕೂ ಮೊದಲು ಎಲ್ಲರ ಕೈ ಮೂಸುತ್ತಾನೆ. ನೆಡಲು ಹಿಡಿಯುವುದಕ್ಕಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಯಾರ ಮನೆಯಲ್ಲಿ ಏನು ಅಡುಗೆ, ಯಾರು ಬೀಡಿ ಬಿಟ್ಟೆನೆಂದು ಹೆಂಡತಿಗೆ ಸುಳ್ಳು ಹೇಳಿದ್ದಾರೆ ಎಂಬುದೆಲ್ಲ ಅವನಿಗೆ ಗೊತ್ತಿರುವುದರಿಂದ ಅವನ ಮೇಲಿನ ಮರ್ಯಾದೆ ಮೊದಲಿಗಿಂತ ಹೆಚ್ಚಾಗಿದೆ. ಸ್ವಲ್ಪ ಭಯವೂ ಸೇರಿದೆ.

ಮೊನ್ನೆ ಒಂದು ಸಂಜೆ ಅವನು ಉಳಿದಿದ್ದ ಒಂದು ಸಸಿ ಹಿಡಿದುಕೊಂಡು ತನ್ನ ಮನೆಯ ಹಿತ್ತಲ ಬಾಗಿಲಿಗೆ ಬಂದು ನಿಂತ. ಪುಟ್ಟಕ್ಕ ತನ್ನ ಗಿಡಗಳಿಗೆ ನೀರು ಹಾಯಿಸುತ್ತಿದ್ದಳು.

"ಊರೋರ್ದೆಲ್ಲ ಆಯ್ತು. ಇಲ್ಲೊಂದು ನೆಡ್ಲಾ?"

ಪುಟ್ಟಕ್ಕ ಪೊರಕೆಯ ಕಡೆ ನೋಡಲಿಲ್ಲ. ಚೊಂಬು ಕೆಳಗಿಟ್ಟು ಹತ್ತಿರ ಬಂದಳು.

"ಕೈ ತಾ."

ಹುಚ್ಚಣ್ಣ ಸಸಿಯನ್ನು ಕಟ್ಟೆಯ ಮೇಲಿಟ್ಟು ಬಲಗೈ ಚಾಚಿದ. ಅವಳು ಅದನ್ನು ಮೂಗಿನ ಹತ್ತಿರ ಎಳೆದುಕೊಂಡು, ಊರಿನಲ್ಲಿ ಅವನು ಮಾಡುವಂತೆಯೇ ಕಣ್ಣು ಮುಚ್ಚಿ ಮೂಸಿದಳು.

"ಹ್ಞೂಂ. ಇದಾಯ್ತು. ಎಡಗೈ?"

ಹುಚ್ಚಣ್ಣ ಎಡಗೈಯನ್ನು ಬೆನ್ನ ಹಿಂದಿನಿಂದ ತೆಗೆಯಲಿಲ್ಲ. ಸ್ವಲ್ಪ ಹೊತ್ತು ಗಿಡಗಳನ್ನು ನೋಡಿದ, ಆಕಾಶ ನೋಡಿದ.

"ಸೋಪು ಎಲ್ಲಿಟ್ಟಿದ್ದೀಯೆ?" ಎಂದು ಕೇಳಿದ.